ಇಪ್ಪತ್ತು ಕಿಲೋಮೀಟರಿನ ಲಘು ದಿನ

ದಿನಕ್ಕೆ ನೂರು ಕಿಲೋಮೀಟರ್ ಸೈಕಲ್ ತುಳಿಯುವವರ ಯೋಗ್ಯತೆ ಗೊತ್ತಾಗಬೇಕಾದರೆ ಅವರಿಗೆ ಇಪ್ಪತ್ತು ಕಿಲೋಮೀಟರಿನ ದಿನವೊಂದನ್ನು ಕೊಟ್ಟು ನೋಡಬೇಕು. ನೂರು ಕಿಲೋಮೀಟರಿನಲ್ಲಿ ಯಾರ ಬಂಡವಾಳವೂ ಬಯಲಾಗುವುದಿಲ್ಲ; ಬಾಯಿ ತೆರೆಯಲು ಉಸಿರೇ ಇರುವುದಿಲ್ಲ. ಇಪ್ಪತ್ತರಲ್ಲಿ ಎಲ್ಲವೂ ಹೊರಗೆ ಬರುತ್ತದೆ. ನನ್ನದೂ ಬಂತು. ಅದನ್ನೂ ಹೇಳುತ್ತೇನೆ, ಬೇರೆಯವರದನ್ನು ಹೇಳಿ ಮುಗಿಸಿದ ಮೇಲೆ.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ಕೊಚ್ಚಿಯಿಂದ ಗೋವೆಗೆ ಹತ್ತು ದಿನಗಳ ಸೈಕಲ್ ಯಾತ್ರೆ. ಹತ್ತೊಂಬತ್ತು ಜನ, ಸಾಮಾನು ಹೊರಲು ಒಂದು ಟೆಂಪೋ, ಒಂದು ಸೀಟಿ. ಸೀಟಿ ನಮ್ಮ ಲೀಡರರ ಕೊರಳಲ್ಲಿತ್ತು. ದೊಡ್ಡ ಹುದ್ದೆಯಿಂದ ನಿವೃತ್ತರಾದ ಮನುಷ್ಯ. ಆದರೆ ನಿವೃತ್ತಿಯಾದ ಸುದ್ದಿ ಅವರಿಗಿನ್ನೂ ತಲುಪಿರಲಿಲ್ಲ. ಬೆಳಿಗ್ಗೆ ಏಳಲು ಒಂದು ಸೀಟಿ, ಹೊರಡಲು ಎರಡು, ನಿಂತು ನೀರು ಕುಡಿಯಲು ಮೂರು. ಬಾಯಾರಿಕೆಯಾಗದವರೂ ಮೂರು ಸೀಟಿ ಕೇಳಿದರೆ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು. ಹೆಚ್ಚಿನವರು ಬೆಂಗಳೂರಿನವರು. ಅವರ ಸೈಕಲ್ಲುಗಳಿಗೆ ಇಪ್ಪತ್ತೊಂದು ಗೇರು. ತುಳಿಯುವುದಕ್ಕಿಂತ ಗೇರಿನ ವಿಚಾರ ಮಾತಾಡುವುದರಲ್ಲೇ ಅವರಿಗೆ ಹೆಚ್ಚು ಬೆವರು ಬರುತ್ತಿತ್ತು.

ನಾನು ಹೊನ್ನಾವರದವನು, ಅಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತ. ನನ್ನದು ಕಾಲೇಜಿಗೆ ಹೋಗುವಾಗಿನ ಕಪ್ಪು ಸೈಕಲ್, ಅಡ್ಡ ಪೈಪಿನದು, ಎತ್ತಲು ಇಬ್ಬರು ಬೇಕು. ಅದರ ಬೆಲ್ಲು ಸತ್ತು ವರ್ಷಗಳಾಗಿದ್ದವು. ಹಾಗಾಗಿ ಮೊದಲ ದಿನವೇ ಲೀಡರು ನನ್ನನ್ನು ಬಾಲಕ್ಕೆ ಹಾಕಿದರು. ಬಾಲ ಎಂದರೆ ಎಲ್ಲರಿಗಿಂತ ಹಿಂದೆ ಇರಬೇಕಾದವನು. ಕೊನೆಯ ಸವಾರನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಯಾಕೆ ಈ ಯಾತ್ರೆಗೆ ಸೇರಿದೆ ಎಂದು ಯಾರಾದರೂ ಕೇಳಿದರೆ ಆರೋಗ್ಯಕ್ಕೆ ಎನ್ನುತ್ತಿದ್ದೆ. ಸುಳ್ಳು. ಸೇರಿದ್ದು ಸರ್ಟಿಫಿಕೇಟಿಗೆ. ಬಣ್ಣದ ಅಂಚಿನ ಸರ್ಟಿಫಿಕೇಟ್, ಗಾಜು ಹಾಕಿಸಬಹುದಾದ ಅಳತೆಯದು. ಅದಕ್ಕೆಂದು ಮನೆಯ ಗೋಡೆಗೆ ಮೊಳೆಯನ್ನೂ ಹೊಡೆದಿಟ್ಟು ಹೊರಟಿದ್ದೆ. ನಿಯಮ ಕಟ್ಟುನಿಟ್ಟಾಗಿತ್ತು: ಯಾವ ಸೈಕಲ್ಲಿನಲ್ಲಿ ಹೊರಟಿರೋ ಅದರಲ್ಲೇ ಮುಗಿಸಬೇಕು, ಒಂದು ಸಲ ಟೆಂಪೋ ಹತ್ತಿದರೂ ಸರ್ಟಿಫಿಕೇಟಿಲ್ಲ.

ಬಾಲದವನಿಗೆ ಜೊತೆಯಾಗಿ ದಿನವೂ ಇರುತ್ತಿದ್ದವರು ಅಕ್ಕೋರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೆನ್ನುತ್ತೇವೆ. ಮುರ್ಡೇಶ್ವರದ ಹತ್ತಿರದ ಶಾಲೆಯಲ್ಲಿ ಅವರಿಗೆ ಕೆಲಸ, ವಯಸ್ಸು ಐವತ್ತೆರಡು. ಜೀವಮಾನದಲ್ಲಿ ಮೊದಲ ಸಲ ಸೀರೆ ಬಿಟ್ಟು ಚೂಡಿದಾರ ಹಾಕಿದ್ದರು. ಅವರ ಸೈಕಲ್ ಹೊಸದು, ಕೆಂಪು ಬಣ್ಣದ್ದು, ತಾವೇ ಕೊಂಡದ್ದು. ನಿಧಾನ ತುಳಿಯುತ್ತಿದ್ದರು, ಆದರೆ ನಿಲ್ಲುತ್ತಿರಲಿಲ್ಲ. ಮುಂದೆ ಹೋದ ವೀರರೆಲ್ಲ ಗೂಡಂಗಡಿಯ ನೆರಳಿನಲ್ಲಿ ಕಾಲು ಚಾಚಿ ಮೊಣಕಾಲಿಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದರೆ ಅಕ್ಕೋರು ಅವರನ್ನು ನೋಡದ ಹಾಗೆ ದಾಟಿ ಹೋಗುತ್ತಿದ್ದರು.

ಕಣ್ಣೂರು ದಾಟಿದ ದಿನ ಅವರು ತಮ್ಮ ಕಾರಣ ಹೇಳಿದರು.

"ನಂಗೆ ಗೋವೆ ಎಂತಕ್ಕೆ ತಮ್ಮ? ಕುಮಟೆ ಮುಟ್ಟಿದ್ರೆ ಆತು. ಮುಂದೆ ಹೋದದ್ದೆಲ್ಲ ಬರೀ ತಿರುಗಾಟ."

ಕುಮಟೆ ಅವರ ತವರು. ಪೇಟೆಯಲ್ಲಿ ಅಣ್ಣನದು ಹಗ್ಗ, ಬುಟ್ಟಿ, ಪೊರಕೆ ಮಾರುವ ಅಂಗಡಿ. ಹದಿಮೂರನೇ ವಯಸ್ಸಿನಲ್ಲಿ ಅಕ್ಕೋರು ಗಂಟೆ ಬಾಡಿಗೆಯ ಸೈಕಲ್ ತಂದು ಒಳಪೆಡ್ಲು ಕಲಿತಿದ್ದರು. ಎಂದರೆ ಗಂಡಸರ ಸೈಕಲ್ಲಿನ ಅಡ್ಡ ಪೈಪಿನ ಕೆಳಗಿಂದ ಕಾಲು ತೂರಿಸಿ ಅರ್ಧರ್ಧ ತುಳಿಯುವುದು. ಬ್ಯಾಲೆನ್ಸು ಬಂದ ಖುಷಿಯಲ್ಲಿ ಒಂದು ದಿನ ಅಣ್ಣನ ಅಂಗಡಿಯ ಮುಂದೆಯೇ ಹೋದರು. ಅಣ್ಣ ಇಳಿದು ಬಂದು ಹ್ಯಾಂಡಲ್ ಹಿಡಿದ. "ಯಾರ ಸೈಕಲ್ಲೇ ಇದು?" ಎಂದ. ಬಾಡಿಗೇದು ಎಂದರು ಇವರು. ಜಡೆ ಹಿಡಿದು ಎಳೆದು ಇಳಿಸಿದ, ಪೇಟೆಯ ನಟ್ಟನಡುವೆ. ಕಂಡವರ ಸೈಕಲ್ ಹತ್ತಿ ಊರು ತಿರುಗುವ ಹೆಣ್ಣು ನಮ್ಮ ಮನೆಯಲ್ಲಿಲ್ಲ ಎಂದು ಹೇಳಿ, ಸೈಕಲ್ಲನ್ನು ತಾನೇ ತಳ್ಳಿಕೊಂಡು ಹೋಗಿ ಬಾಡಿಗೆ ಅಂಗಡಿಯವನಿಗೆ ಒಪ್ಪಿಸಿ ಬಂದ. ಅಲ್ಲಿಗೆ ಮುಗಿಯಿತು. ಆಮೇಲೆ ಅಕ್ಕೋರು ಸೈಕಲ್ ಮುಟ್ಟಿದ್ದು ಸರ್ಕಾರ ಎಂಟನೇ ಇಯತ್ತೆಯ ಹುಡುಗಿಯರಿಗೆ ಪುಕ್ಕಟೆ ಸೈಕಲ್ ಕೊಟ್ಟ ವರ್ಷ. ಶಾಲೆ ಬಿಟ್ಟ ಮೇಲೆ ತಮ್ಮ ವಿದ್ಯಾರ್ಥಿನಿಯರಿಂದಲೇ ಹಿಂದೆ ಹಿಡಿಸಿಕೊಂಡು ಮೈದಾನದಲ್ಲಿ ಮತ್ತೆ ಕಲಿತರು.

"ಅಣ್ಣ ಕೆಟ್ಟವ ಅಲ್ಲ. ನನ್ನ ಓದಿಸಿದ್ದೂ ಅವ್ನೇ, ಮದುವೆ ಮಾಡಿದ್ದೂ ಅವ್ನೇ. ಹಬ್ಬಕ್ಕೆ ಹೋದ್ರೆ ಬಸ್ ಸ್ಟ್ಯಾಂಡಿಗೆ ಬಂದು ಚೀಲ ಹಿಡ್ಕಂತ. ಆದ್ರೆ ಅವ್ನ ಆ ಪ್ರಶ್ನೆಗೆ ನಾ ಉತ್ತರ ಕೊಡೂದು ಉಳ್ಕಂಡದೆ. ಈ ಸಲ ಸೈಕಲ್ ನಂದು. ಕೇಳ್ಲಿ ನೋಡ್ವಾ."

ನಾನು ಅಯ್ಯೋ ಪಾಪ ಎಂದೆನೇ? ಇಲ್ಲ. ಐವತ್ತೆರಡರ ವಯಸ್ಸಿಗೆ ಇದೊಂದು ಹಟ ಎಂದುಕೊಂಡೆ. ಗೋಡೆಯ ಮೇಲೆ ಖಾಲಿ ಮೊಳೆ ಬಿಟ್ಟು ಬಂದವನು ಹಾಗೆ ಅಂದುಕೊಳ್ಳಲು ನಾಚಬೇಕಿತ್ತು, ನಾಚಲಿಲ್ಲ.

ಏಳನೇ ದಿನ ಕುಂದಾಪುರದಿಂದ ಹೊನ್ನಾವರಕ್ಕೆ ತುಳಿದೆವು. ದಾರಿಯಲ್ಲಿ ಭಟ್ಕಳದ ಸೈಕಲ್ ಅಂಗಡಿಯೊಂದರಲ್ಲಿ ಅಕ್ಕೋರು ತಮ್ಮ ಕೆಂಪು ಸೈಕಲ್ಲಿಗೆ ಬೆಲ್ಲು ಹಾಕಿಸಿದರು. ಗೇರಿನ ಸೈಕಲ್ಲುಗಳಿಗೆ ಬೆಲ್ಲು ಬರುವುದಿಲ್ಲವಂತೆ; ಅಷ್ಟು ದೊಡ್ಡವರು ಯಾರನ್ನೂ ದಾರಿ ಬಿಡಿ ಎಂದು ಕೇಳಬೇಕಾಗಿಲ್ಲ. ಅಂಗಡಿಯ ಸಾಹೇಬರು ಬೆಲ್ಲು ಬಿಗಿದು ಮೂರು ಸಲ ಬಾರಿಸಿ ನೋಡಿ, "ಬಾಯೀ, ಇದು ಅಂಕೋಲದವರೆಗೆ ಕೇಳ್ತದೆ" ಎಂದರು. "ಕುಮಟೆವರೆಗೆ ಕೇಳಿದ್ರೆ ಸಾಕು" ಎಂದರು ಅಕ್ಕೋರು. ಲೀಡರು ಮಾತ್ರ ಬೆಲ್ಲಿನ ತೂಕದ ಬಗ್ಗೆ ಒಂದು ಭಾಷಣ ಮಾಡಿದರು. ಅವರ ಹೊಟ್ಟೆಯ ತೂಕದ ಬಗ್ಗೆ ಯಾರೂ ಮಾತಾಡಲಿಲ್ಲ.

ಮುರ್ಡೇಶ್ವರದ ತಿರುವಿನಲ್ಲಿ ಇನ್ನೊಂದು ಪ್ರಸಂಗ. ಅಕ್ಕೋರ ಶಾಲೆಯ ಎಂಟನೇ ಇಯತ್ತೆಯ ಹುಡುಗಿಯರು ಹತ್ತು ಹದಿನೈದು ಮಂದಿ ಸರ್ಕಾರದ ಸೈಕಲ್ ಹತ್ತಿ ಹೆದ್ದಾರಿಗೆ ಬಂದು ಕಾಯುತ್ತಿದ್ದರು. ಅಕ್ಕೋರನ್ನು ಕಂಡದ್ದೇ ಹೋ ಎಂದು ಕೂಗಿ ಜೊತೆಗೆ ತುಳಿಯಲು ಶುರುಮಾಡಿದರು. ಒಂದು ಫರ್ಲಾಂಗೂ ಹೋಗಿರಲಿಲ್ಲ, ಸೀಟಿ ಕೂಗಿತು. ಹೊರಗಿನವರು ಸಾಲಿಗೆ ಸೇರಬಾರದು, ಶಿಸ್ತು ಕೆಡುತ್ತದೆ. ಹುಡುಗಿಯರು ರಸ್ತೆಯ ಬದಿಗೆ ಇಳಿದು ನಿಂತರು. ಅಕ್ಕೋರು ಹೊಸ ಬೆಲ್ಲನ್ನು ಒಂದೇ ಸಮ ಬಾರಿಸುತ್ತ ಅಲ್ಲಿಂದ ಮುಂದೆ ಬಂದರು. ಏಳು ದಿನದಲ್ಲಿ ಸೀಟಿಗೆ ಯಾರಾದರೂ ಎದುರು ಮಾತಾಡಿದ್ದು ಅದೊಂದೇ.

ಆ ರಾತ್ರಿ ಹೊನ್ನಾವರದ ಶಾಲೆಯೊಂದರ ಹಾಲಿನಲ್ಲಿ ಮಲಗಿದೆವು. ನನ್ನ ಮನೆ ಅಲ್ಲಿಂದ ಹತ್ತು ನಿಮಿಷ. ಆದರೂ ತಂಡ ಬಿಟ್ಟು ಹೋಗಬಾರದೆಂಬ ನಿಯಮಕ್ಕೆ ಹೆದರಿ, ಸ್ವಂತ ಊರಿನಲ್ಲಿ ಪರದೇಶಿಯ ಹಾಗೆ ಬೆಂಚಿನ ಮೇಲೆ ಮಲಗಿ ಸೊಳ್ಳೆ ಕಚ್ಚಿಸಿಕೊಂಡೆ. ಬೆಳಿಗ್ಗೆ ಬನಿಯನ್ನು ತಂದುಕೊಟ್ಟ ಹೆಂಡತಿ, "ನಿಮಗೆ ಎಂತ ಆಯ್ತು?" ಎಂದು ಕೇಳಿದಳು. ಉತ್ತರ ಕೊಡುವಷ್ಟರಲ್ಲಿ ಸೀಟಿ ಕೂಗಿತು.

ಎಂಟನೇ ದಿನ, ಹೊನ್ನಾವರದಿಂದ ಕುಮಟೆ, ಇಪ್ಪತ್ತೇ ಕಿಲೋಮೀಟರ್. ಕರಪತ್ರದಲ್ಲಿ ಅದಕ್ಕೆ 'ಲಘು ದಿನ' ಎಂದು ಹೆಸರು. ಹೊರಡುವ ಮುಂಚೆ ಅಕ್ಕೋರು ಲೀಡರರ ಹತ್ತಿರ ಹೋಗಿ, ಕುಮಟೆಗೆ ಮಧ್ಯಾಹ್ನ ಒಂದೂವರೆಯೊಳಗೆ ಮುಟ್ಟಬಹುದಲ್ಲ ಎಂದು ವಿಚಾರಿಸಿದರು. ಅವರ ಅಣ್ಣನಿಗೆ ವಯಸ್ಸಾಗಿತ್ತು. ಈಚೆಗೆ ಬೆಳಿಗ್ಗೆ ಮಾತ್ರ ಅಂಗಡಿ ತೆಗೆದು ಒಂದೂವರೆಗೆ ಬಾಗಿಲು ಹಾಕಿದರೆ ಮತ್ತೆ ಮರುದಿನವೇ. ಮರುದಿನ ನಾವು ಬೆಳಗಿನ ಆರಕ್ಕೆ ಹೊರಡುವವರು.

"ಮೇಡಂ, ಇವತ್ತು ರಿಲಾಕ್ಸ್ ಮಾಡೋ ದಿನ. ಗಡಿಯಾರ ಬಿಚ್ಚಿಡಿ!" ಎಂದು ಲೀಡರು ನಕ್ಕರು. ಹದಿನೇಳು ಜನರೂ ನಕ್ಕರು. ನಾನೂ ಹಲ್ಲು ಕಿರಿದೆ ಎಂದು ನೆನಪು.

ಆರಾಮ ಎನ್ನುವುದನ್ನು ಆ ಜನ ಎಷ್ಟು ಕಷ್ಟಪಟ್ಟು ಮಾಡಿದರೆಂದರೆ ನೋಡಿಯೇ ನನಗೆ ಸುಸ್ತಾಯಿತು. ಏಳು ದಿನ ಬಾಳೆಹಣ್ಣು, ಖರ್ಜೂರ ಎಂದು ಪಥ್ಯ ಮಾಡಿದವರು ಅಂದು ಹೋಟೆಲಿಗೆ ನುಗ್ಗಿ ಬನ್ಸು, ಇಡ್ಲಿ, ಗೋಳಿಬಜೆ, ಮತ್ತೆ ಬನ್ಸು ಎಂದು ತಿಂದು ತೇಗಿ ಹೊರಬರುವಾಗ ಗಂಟೆ ಒಂಬತ್ತಾಗಿತ್ತು. ಹಳದೀಪುರದಲ್ಲಿ ತೆಂಗಿನ ತೋಟ ಕಂಡದ್ದೇ ಆಹಾ, ಓಹೋ. ಎಲ್ಲರೂ ಇಳಿದರು. ಸೈಕಲ್ಲನ್ನು ತೆಂಗಿನ ಮರಕ್ಕೆ ಒರಗಿಸಿ ಒಬ್ಬೊಬ್ಬರ ಫೋಟೋ, ಇಬ್ಬಿಬ್ಬರ ಫೋಟೋ, ಹಾರುವ ಫೋಟೋ. ತೋಟದ ಯಜಮಾನ ಬಂದು, "ಮರದ ಬುಡದಲ್ಲಿ ನಿಲ್ಬೇಡಿ, ಕಾಯಿ ಬೀಳ್ತದೆ" ಎಂದ. ಅದಕ್ಕೂ ಆಹಾ ಎಂದರು. ನಾನು ಮೂವತ್ತು ವರ್ಷ ನೋಡಿದ ಮರಗಳನ್ನು ನನಗೇ ತೋರಿಸಿ, "ನೀವು ಪುಣ್ಯವಂತರು ಬಿಡಿ" ಎಂದೊಬ್ಬಾಕೆ ಹೇಳಿದಳು. ಹೌದು ಎಂದೆ. ಹೆದ್ದಾರಿಯ ಬಸ್ಸಿಗೆ ಒಂದು ತಾಸು ಜೋತುಬಿದ್ದು ನಿಂತರೆ ಆ ಪುಣ್ಯದ ಲೆಕ್ಕ ಅವಳಿಗೂ ಸಿಗುತ್ತಿತ್ತು.

ಧಾರೇಶ್ವರ ತಲುಪಿದಾಗ ಹನ್ನೊಂದು. ಅಲ್ಲಿಂದ ಕುಮಟೆಗೆ ಎಂಟೇ ಕಿಲೋಮೀಟರ್. ಮುಕ್ಕಾಲು ಗಂಟೆ ಬೇಕಾದಷ್ಟಾಯಿತು. ಆದರೆ ಸಮುದ್ರ ಕಂಡಿತಲ್ಲ! ಲೀಡರು ಎಲ್ಲರನ್ನೂ ಗಾಳಿಮರದ ನೆರಳಿನಲ್ಲಿ ದುಂಡಗೆ ಕೂರಿಸಿ, ಕಣ್ಣು ಮುಚ್ಚಿ ಅಲೆಯ ಸದ್ದು ಕೇಳಿ, ಆಮೇಲೆ ಒಬ್ಬೊಬ್ಬರಾಗಿ ಅನುಭವ ಹೇಳಿ ಎಂದರು. ಒಬ್ಬ ಎದ್ದು ನಿಂತು, ಈ ಯಾತ್ರೆಯಲ್ಲಿ ತಾನು ತನ್ನನ್ನೇ ಕಂಡುಕೊಂಡೆ ಎಂದ. ಎರಡು ತಾಸಿನ ಹಿಂದೆ ಅವನು ತಲೆಯ ಮೇಲಿದ್ದ ಕನ್ನಡಕವನ್ನು ಕಂಡುಕೊಳ್ಳಲಾರದೆ ಹೋಟೆಲಿನವರನ್ನೆಲ್ಲ ಮೇಜಿನ ಕೆಳಗೆ ಬಗ್ಗಿಸಿದ್ದ. ಅಕ್ಕೋರ ಸರದಿ ಬಂದಾಗ ಅವರು, "ನಂಗೆ ಹೇಳೂದು ಎಂತದೂ ಇಲ್ಲ, ಹೊರಟ್ರೆ ಒಳ್ಳೇದು" ಎಂದರು. ಜನ ಚಪ್ಪಾಳೆ ತಟ್ಟಿದರು. ಏನು ಹೇಳಿದರೂ ಚಪ್ಪಾಳೆ ತಟ್ಟುವ ಹದಕ್ಕೆ ಬಂದಿದ್ದರು.

ಆಮೇಲೆ ಅವಲಕ್ಕಿ, ಮಜ್ಜಿಗೆ. ಉಂಡ ಅರ್ಧ ಮಂದಿ ಮರಳಿನ ಮೇಲೆ ಮಲಗಿ ಗೊರಕೆ ಹೊಡೆದರು. ಅಕ್ಕೋರು ನನ್ನ ಹತ್ತಿರ ಬಂದು ಕೂತರು. ಕೈಯ ಗಡಿಯಾರ ನೋಡಿದರು, ಮತ್ತೆ ನೋಡಿದರು.

"ತಮ್ಮ, ನಾವಿಬ್ರೇ ಮುಂದೆ ಹೋಗ್ವಾ? ಹನ್ನೆರಡಾತು."

"ಲೀಡರ್ರಿಗೆ ಕೇಳ್ದೇ ಹ್ಯಾಂಗೆ ಹೋಗೂದು ಅಕ್ಕೋರೆ? ನಿಯಮ ಅದೆಯಲ್ಲ" ಎಂದೆ.

ಇದನ್ನು ಹೇಳುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಅವರ ಮುಖವಲ್ಲ, ನಮ್ಮನೆ ಗೋಡೆಯ ಮೊಳೆ. ಅವರು ಮತ್ತೆ ಕೇಳಲಿಲ್ಲ. ದೇವಸ್ಥಾನಕ್ಕೆ ಹೋಗಿ ಮುಖ ತೊಳೆದು ಕೈ ಮುಗಿದು ಬರುತ್ತೇನೆ ಎಂದು ಹೋದರು.

ಅವರು ಹೋದ ಹತ್ತು ನಿಮಿಷಕ್ಕೆ ಸೀಟಿ ಕೂಗಿತು. ಲೀಡರರಿಗೆ ಒಂದು ಯೋಚನೆ ಹೊಳೆದಿತ್ತು. ಫೆಬ್ರವರಿಯ ಕೊನೆ, ಬಿಸಿಲು ಸುಡುತ್ತಿದೆ. ಉಳಿದದ್ದು ಎಂಟೇ ಕಿಲೋಮೀಟರ್. ಇವತ್ತು ಹೇಗೂ ಲಘು ದಿನ. ಎಲ್ಲರೂ ಸೈಕಲ್ಲುಗಳನ್ನು ಟೆಂಪೋಕ್ಕೆ ಏರಿಸಿ ಟೆಂಪೋದಲ್ಲೇ ಹೋಗೋಣ. ಸರ್ಟಿಫಿಕೇಟ್? ಲಘು ದಿನದ ಎಂಟು ಕಿಲೋಮೀಟರ್ ಲೆಕ್ಕಕ್ಕಿಲ್ಲ, ತಾನೇ ಹೇಳುತ್ತಿದ್ದೇನಲ್ಲ ಎಂದರು. ಏಳು ದಿನ ಒಂದೊಂದು ಕಿಲೋಮೀಟರನ್ನೂ ಡೈರಿಯಲ್ಲಿ ಬರೆದಿಟ್ಟ ಮಹಾಶೂರರು ಜೈ ಎಂದು ಕೂಗಿದರು.

ಈಗ ನನ್ನ ಬಂಡವಾಳ. ಟೆಂಪೋದ ಹಿಂಬಾಗಿಲಿಗೆ ಮೊದಲು ಕೈ ಹಾಕಿದವನು ನಾನು. ಬನ್ಸು, ಅವಲಕ್ಕಿ ತುಂಬಿದ ಹೊಟ್ಟೆ, ಭಾರದ ಸೈಕಲ್, ನೆತ್ತಿಯ ಮೇಲೆ ಸೂರ್ಯ. ನನಗೆ ಆ ಸೀಟಿ ದೇವವಾಣಿಯ ಹಾಗೆ ಕೇಳಿತು. ನನ್ನ ಸೈಕಲ್ಲನ್ನು ಡ್ರೈವರ್ ಒಳಗೆ ಬಿಡಲಿಲ್ಲ. ಉಳಿದವನ್ನೆಲ್ಲ ಗೀಚುತ್ತದೆ, ಕೊನೆಗೆ ಹೊರಗೆ ಕಟ್ಟುತ್ತೇನೆ ಎಂದ. ಕೈ ಖಾಲಿ ಇತ್ತಲ್ಲ, ಹತ್ತಿರದಲ್ಲೇ ಒರಗಿಸಿದ್ದ ಕೆಂಪು ಸೈಕಲ್ಲನ್ನು ಎತ್ತಿ ಒಳಗಿಟ್ಟೆ. ವಯಸ್ಸಾದವರಿಗೆ ಉಪಕಾರ ಮಾಡಿದೆ ಎಂದುಕೊಂಡೆ. ಅವರನ್ನು ಕೇಳಬೇಕು ಎಂದು ಹೊಳೆಯಲೇ ಇಲ್ಲ. ಎಲ್ಲ ಗೊತ್ತಿದ್ದವನು ನಾನೊಬ್ಬನೇ. ಅದರ ಮೇಲೆ ಹದಿನೇಳು ಸೈಕಲ್ ಬಿದ್ದವು. ಎಲ್ಲಕ್ಕೂ ಮೇಲೆ, ಗೀರು ಬೀಳಬಾರದೆಂದು, ಲೀಡರರ ಸೈಕಲ್.

ಅಕ್ಕೋರು ಬಂದಾಗ ಹನ್ನೆರಡೂ ನಲವತ್ತು. ಹಣೆಯಲ್ಲಿ ಕುಂಕುಮ, ಮುಖ ತೊಳೆದ ನೀರು ಇನ್ನೂ ಆರಿರಲಿಲ್ಲ.

"ನನ್ನ ಸೈಕಲ್ ಎಲ್ಲಿ?"

ಯಾರೋ ಟೆಂಪೋ ತೋರಿಸಿದರು. ಅಕ್ಕೋರು ಇಣುಕಿದರು. ಎಲ್ಲಕ್ಕೂ ಅಡಿಯಲ್ಲಿ ಕೆಂಪು ಹ್ಯಾಂಡಲಿನ ತುದಿ, ಭಟ್ಕಳದ ಬೆಲ್ಲು ಕಾಣುತ್ತಿತ್ತು.

"ಇಳಿಸಿ. ನಾ ಸೈಕಲ್ ಮೇಲೇ ಹೋಗ್ತೆ."

"ಅಯ್ಯೋ ಮೇಡಂ, ಎಂಟು ಕಿಲೋಮೀಟರ್ ತಾನೇ?" "ಎಲ್ಲ ತೆಗೆಯೋಕೆ ಅರ್ಧ ಗಂಟೆ ಬೇಕು." "ಬೇಕಾದ್ರೆ ಸಂಜೆ ಕುಮಟಾದಲ್ಲಿ ಒಂದು ರೌಂಡ್ ಹೊಡೀರಿ." ಒಬ್ಬೊಬ್ಬರದು ಒಂದೊಂದು ಮಾತು. ಹುಲ್ಲುಕಡ್ಡಿ ಎತ್ತಲೂ ಒಬ್ಬರೂ ಏಳಲಿಲ್ಲ. ಲೀಡರು ಆಗಲೇ ಮುಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಸೀಟಿ ಎದೆಯ ಮೇಲೆ ಏರುತ್ತ ಇಳಿಯುತ್ತಿತ್ತು.

"ಟೆಂಪೋದಲ್ಲಿ ಬಂದು, ಇಳ್ದು, ಪೇಟೇಲಿ ಸುತ್ತು ಹೊಡ್ದು ತೋರ್ಸೂದು ನಾಟಕ. ಅದು ನಂಗೆ ಬೇಡ" ಎಂದರು ಅಕ್ಕೋರು. ನನ್ನ ಕಡೆ ತಿರುಗಿದರು. "ಯಾರು ಹಾಕಿದ್ದು ತಮ್ಮ ಅದನ್ನ ಅಡಿಗೆ?"

"ನಾನು" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಮತ್ತೆ ಗಡಿಯಾರ ನೋಡಿದರು. ಆಮೇಲೆ ನೆಲದ ಮೇಲೆ ಉಳಿದಿದ್ದ ಒಂದೇ ಒಂದು ಸೈಕಲ್ಲನ್ನು, ನನ್ನ ಕಪ್ಪು ಸೈಕಲ್ಲನ್ನು, ನೋಡಿದರು.

"ಇದನ್ನ ಕೊಡು."

ಅಡ್ಡ ಪೈಪಿನ ಮೇಲೆ ಕಾಲು ಹಾಯಿಸಿ ಹತ್ತಿ ಹೊರಟೇ ಬಿಟ್ಟರು. ನಾನು ಬಾಲ, ಕೊನೆಯ ಸವಾರನನ್ನು ಬಿಡಬಾರದ ಬಾಲ, ಎಂಟು ದಿನದಲ್ಲಿ ಮೊದಲ ಸಲ ನನ್ನ ಕೆಲಸ ಮಾಡಿದೆ. ಟೆಂಪೋ ಹತ್ತಿ ಎಲ್ಲಕ್ಕೂ ಮೇಲಿದ್ದ ಲೀಡರರ ಸೈಕಲ್ಲನ್ನು ಎಳೆದು ಇಳಿಸಿದೆ. ಯಾರೋ ಹೇ ಹೇ ಎಂದರು. ಡ್ರೈವರ್ ಮಾತ್ರ ಹಗ್ಗ ಸಡಿಲ ಮಾಡಿಕೊಟ್ಟ.

ಇಪ್ಪತ್ತೊಂದು ಗೇರಿನ ಆ ಸೈಕಲ್ ನನ್ನ ಕಾಲಿಗೆ ಬಗ್ಗಲಿಲ್ಲ. ಒಂದು ಗೇರಿಗೆ ಗಾಳಿ ತುಳಿದಂತೆ, ಇನ್ನೊಂದಕ್ಕೆ ಗೋಡೆ ತುಳಿದಂತೆ. ಅಕ್ಕೋರೋ, ಎರಡಾಳಿನ ತೂಕದ ನನ್ನ ಸೈಕಲ್ಲನ್ನು ಕುಮಟೆಯ ಬಾಡಿಗೆ ಸೈಕಲ್ಲಿನ ಹಳೆಯ ಪರಿಚಯದಲ್ಲಿ ತುಳಿದುಕೊಂಡು ಹೋಗುತ್ತಿದ್ದರು. ಹಂದಿಗೋಣದಲ್ಲಿ ರಸ್ತೆ ಬದಿಗೆ ಬಿದಿರಿನ ಗಳಕ್ಕೆ ಈರುಳ್ಳಿಯ ಜಡೆಗಳನ್ನು ತೂಗುಹಾಕಿದ್ದರು. ಅಕ್ಕೋರು ಬ್ರೇಕ್ ಹಾಕಿದರು.

"ಕುಮಟೆಯವರಿಗೆ ಕುಮಟೆ ಈರುಳ್ಳಿ ಒಯ್ತ್ರಾ? ಹೊತ್ತಾತು, ನಡೀರಿ" ಎಂದೆ.

"ತವರಿಗೆ ಬರಿಗೈಲಿ ಹೋಗೂದಾ?" ಎಂದು ಒಂದು ಜಡೆ ಕೊಂಡು ಹ್ಯಾಂಡಲಿಗೆ ನೇತುಹಾಕಿದರು. ಅಷ್ಟರಲ್ಲಿ ಟೆಂಪೋ ನಮ್ಮನ್ನು ದಾಟಿ ಹೋಯಿತು. ಹಿಂದೆ ಕೂತವರು ಕೈ ಬೀಸಿದರು. ಮುಂದೆ ಕೂತವರು ಇನ್ನೂ ಎದ್ದಿರಲಿಲ್ಲ.

ಪೇಟೆ ಮುಟ್ಟಿದಾಗ ಒಂದೂ ಇಪ್ಪತ್ತೈದು. ಅಣ್ಣ ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ಹಾಕುತ್ತಿದ್ದ. ಬೆಳ್ಳಗಿನ ಬನಿಯನ್ನು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ. ಅಕ್ಕೋರ ಹೆಬ್ಬೆರಳು ಬೆಲ್ಲಿಗೆ ಹೋಯಿತು. ನನ್ನ ಬೆಲ್ಲು ಕಟ್ ಎಂದು ಸುಮ್ಮನಾಯಿತು. ಕುಮಟೆಯವರೆಗೆ ಕೇಳಬೇಕಾಗಿದ್ದ ಬೆಲ್ಲು ಟೆಂಪೋದ ಅಡಿಯಲ್ಲಿ ಬಿದ್ದಿತ್ತು. ಆ ಹೊತ್ತಿಗೆ ನನ್ನ ಮೇಲೆ ನನಗೆ ಎಷ್ಟು ಅಸಹ್ಯವಾಯಿತೆಂದರೆ ಲೀಡರರ ಮೇಲಿನ ಸಿಟ್ಟೆಲ್ಲ ಚಿಲ್ಲರೆ ಎನಿಸಿತು.

"ಅಣ್ಣಾ" ಎಂದರು ಅಕ್ಕೋರು.

ಅವನು ತಿರುಗಿದ. ಹೆಲ್ಮೆಟ್ ಕಂಡ, ಚೂಡಿದಾರ ಕಂಡ, ಕೊನೆಗೆ ಮುಖ ಕಂಡ. ಕೈಯಲ್ಲಿದ್ದ ಹಲಗೆಯನ್ನು ಒರಗಿಸಿಟ್ಟು ಮೆಟ್ಟಿಲಿಳಿದು ಬಂದ. ಬಂದು, ದೇವರಾಣೆ, ಹ್ಯಾಂಡಲ್ ಹಿಡಿದ.

"ಯಾರ ಸೈಕಲ್ಲೇ ಇದು?"

ಸುತ್ತ ಪೇಟೆ ತನ್ನ ಪಾಡಿಗೆ ತಾನಿತ್ತು. ಏಳು ದಿನ ತಮ್ಮ ಸಂಬಳದ ಸೈಕಲ್ ತುಳಿದು ಬಂದವರು ಕೊನೆಯ ಎಂಟು ಕಿಲೋಮೀಟರಿಗೆ ಮತ್ತೆ ಕಂಡವರ ಸೈಕಲ್ಲಿನ ಮೇಲೆ ಇದ್ದರು. ಹಾಗೆ ಮಾಡಿದವನು ಪಕ್ಕದಲ್ಲೇ ನಿಂತಿದ್ದ.

"ನಂದು" ಎಂದರು ಅಕ್ಕೋರು.

ಅಣ್ಣ ನನ್ನ ಕಡೆ ನೋಡಿದ. "ಹೌದನಾ?"

"ಹೌದು. ಅಕ್ಕೋರದ್ದೇ" ಎಂದೆ.

ಅವನು ಸೈಕಲ್ಲಿನ ಸುತ್ತ ಒಂದು ಸುತ್ತು ಬಂದ. ಸೀಟು ತಟ್ಟಿದ, ಬೆಲ್ಲು ಒತ್ತಿದ. "ಬೆಲ್ಲಿಲ್ದೇ ಹೆದ್ದಾರೀಲಿ ಬಂದ್ಯ? ಲಾರಿಯಡಿಗೆ ಹೋಗ್ತಿದ್ದೆ, ಬುದ್ಧಿ ಇದ್ಯಾ ನಿಂಗೆ?" ಎಂದು ಗದರಿದ. ಆಮೇಲೆ ಈರುಳ್ಳಿ ಜಡೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಯಾರನ್ನೂ ನೋಡದೆ, "ಬಿಸ್ಲಿಗೆ ಟೈರು ಹಾಳಾಗ್ತದೆ" ಎಂದು ಸೈಕಲ್ಲನ್ನು ಎತ್ತಿ ಅಂಗಡಿಯೊಳಗೆ ಇಟ್ಟ. ಎತ್ತಲು ಇಬ್ಬರು ಬೇಕು ಎಂದೆನಲ್ಲ, ಆ ಮುದುಕ ಒಬ್ಬನೇ ಎತ್ತಿದ. ಹಲಗೆ ಹಾಕುತ್ತ, ಒಳಗೆ ಮುಖ ಮಾಡಿಕೊಂಡೇ ಹೇಳಿದ: "ಇದು ಇಲ್ಲೇ ಇರ್ಲಿ ತಂಗಿ. ಊರಿಗೆ ಬಂದಾಗ ನಿಂಗೆ ತಿರುಗೂಕೆ ಬೇಕಾಗ್ತದೆ."

ಅಕ್ಕೋರು ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ನೀರು ತುಂಬಿತ್ತು. ಅಣ್ಣ ಬೀಗ ಹುಡುಕಲು ಹೋದಾಗ ಪಿಸುಗುಟ್ಟಿದರು: "ತಮ್ಮ, ನಿಂದು ಅಂತ ನಾ ಈಗ್ಲೇ ಹೇಳ್ತೆ."

"ಹೇಳಿದ್ರೆ ನೋಡಿ ಮತ್ತೆ" ಎಂದೆ. ಅಷ್ಟು ಒರಟಾಗಿ ನಾನು ಅವರೊಡನೆ ಎಂದೂ ಮಾತಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕೋರು ಕೆಂಪು ಸೈಕಲ್ ಹತ್ತಿ ಹೊರಟರು. ಅಣ್ಣ ನೋಡಿ ಕೇಳಿದನಂತೆ. ಇದು ತಂಡದವರದ್ದು ಎಂದು ಹೇಳಿದರಂತೆ. ತಮ್ಮ ಸ್ವಂತದ್ದನ್ನು ತಂಡದ್ದು ಎಂದೂ, ನನ್ನ ಗುಜರಿಯನ್ನು ತಮ್ಮದು ಎಂದೂ ಹೇಳಿ ಲೋಕದ ಲೆಕ್ಕ ಸರಿಮಾಡಿದ್ದರು. ನನಗೆ ತುಳಿಯಲು ಸೈಕಲ್ ಇರಲಿಲ್ಲ. ಲೀಡರು ತಂಡದ ಮುಂದೆ ನನ್ನನ್ನು ನಿಲ್ಲಿಸಿ, ಅನುಮತಿಯಿಲ್ಲದೆ ಪರರ ಸೈಕಲ್ ಒಯ್ದದ್ದಕ್ಕೆ ನೈತಿಕತೆಯ ಮೇಲೆ ಹತ್ತು ನಿಮಿಷ ಮಾತಾಡಿದರು. ಉಳಿದ ಎರಡು ದಿನ ಟೆಂಪೋದಲ್ಲಿ ಡ್ರೈವರನ ಪಕ್ಕ ಕೂತು ಗೋವೆಗೆ ಹೋದೆ. ಇಡೀ ಯಾತ್ರೆಯಲ್ಲಿ ಮಾತಾಡಲು ಯೋಗ್ಯನಾದ ಗಂಡಸು ಅವನೊಬ್ಬನೇ ಎಂದು ಆಗ ಗೊತ್ತಾಯಿತು. ಗೋವೆಯಲ್ಲಿ ಹದಿನೆಂಟು ಜನಕ್ಕೆ ಬಣ್ಣದ ಅಂಚಿನ ಸರ್ಟಿಫಿಕೇಟ್ ಹಂಚಿದರು, ಎಂಟು ಕಿಲೋಮೀಟರ್ ಟೆಂಪೋದಲ್ಲಿ ಗೊರಕೆ ಹೊಡೆದವರಿಗೂ ಸೇರಿಸಿ. ನಿಯಮದ ಪ್ರಕಾರ ನನಗಿಲ್ಲ. ಮನೆಯ ಮೊಳೆಗೆ ಹೆಂಡತಿ ಕ್ಯಾಲೆಂಡರ್ ತೂಗುಹಾಕಿದಳು.

ಮಳೆಗಾಲ ಮುಗಿದ ಮೇಲೆ ಕಚೇರಿಯ ಕೆಲಸಕ್ಕೆಂದು ಕುಮಟೆಗೆ ಹೋಗಿದ್ದೆ. ಕಾಲು ತಾನಾಗಿ ಪೇಟೆಯ ಕಡೆ ತಿರುಗಿತು. ಹೆಲ್ಮೆಟ್ಟಿಲ್ಲದ ನನ್ನನ್ನು ಮುದುಕ ಗುರುತಿಸಲಿಲ್ಲ. ಬೇಡದ ಒಂದು ಪೊರಕೆ ಕೊಂಡೆ. ಬುಟ್ಟಿಗಳ ಹಿಂದೆ ನನ್ನ ಸೈಕಲ್ ನಿಂತಿತ್ತು. ಹ್ಯಾಂಡಲಿಗೆ ಹೊಸ ಬೆಲ್ಲು ಬಂದಿತ್ತು.

"ಆ ಹಳೇ ಸೈಕಲ್ ಕೊಡ್ತ್ರಾ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

ಮುದುಕ ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿದ.

"ಅದು ಕೊಡೂದಲ್ಲ. ನಮ್ಮ ತಂಗೀದು."

ಅವನು ಚಿಲ್ಲರೆ ತರಲು ಒಳಗೆ ಹೋದಾಗ ಬಗ್ಗಿ ಟೈರು ಒತ್ತಿ ನೋಡಿದೆ. ಎರಡರಲ್ಲೂ ಗಾಳಿ ಗಟ್ಟಿಯಾಗಿತ್ತು.